ಆಡಿ ನೋಡದೆ ಕೊಳ್ಳುವುದು ಹೇಗೆ?

ಜಾತ್ರೆಯಲ್ಲಿ ಕಡಲೆಪುರಿ ಕೊಳ್ಳುವವರು ಕೂಡ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡಿಯೇ ಸೇರು ಅಳೆಸುತ್ತಾರೆ. ವಿಡಿಯೋ ಗೇಮ್ ಕೊಳ್ಳುವವರಿಗೆ ಆ ಭಾಗ್ಯವಿಲ್ಲ. 2021ರ ಫೆಬ್ರವರಿಯಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಸೋನಿಯದೇ ದೊಡ್ಡ ಗೇಮುಗಳಿಗೆ ಒಂದೊಂದಕ್ಕೆ 4,999. ಇಷ್ಟು ದುಡ್ಡು ಎಣಿಸಿಕೊಡುವವರಿಗೆ ಆಧಾರ ಏನು? ಎರಡು ನಿಮಿಷದ ಟ್ರೇಲರ್, ಯೂಟ್ಯೂಬಿನಲ್ಲಿ ಇನ್ಯಾರೋ ಆಡಿದ ತುಣುಕು, ಅಂಗಡಿಯ ಪುಟದಲ್ಲಿ ಒಂದಿಷ್ಟು ನಕ್ಷತ್ರಗಳು. ಬೋರ್ಡ್ ಗೇಮುಗಳದ್ದೂ ಇದೇ ಕತೆ. ಕೀಬೋರ್ಡ್, ಕಂಟ್ರೋಲರ್, ಹೆಡ್‌ಸೆಟ್‌ಗಳಲ್ಲಂತೂ ಡಬ್ಬಿಯ ಸೀಲು ಒಡೆಯದೆ ಒಳಗಿರುವುದನ್ನು ಮುಟ್ಟುವಂತೆಯೇ ಇಲ್ಲ.

ಸಿನಿಮಾದ ಟ್ರೇಲರ್ ನೋಡಿದರೆ ಸಿನಿಮಾದ್ದೇ ಒಂದು ಚೂರು ಕಂಡ ಹಾಗಾಯಿತು. ಆಟ ಹಾಗಲ್ಲ. ಅದು ನಡೆಯುವುದು ನಿಯಮ ಮತ್ತು ಆಡುವವರ ಕೈ ಸೇರುವ ಜಾಗದಲ್ಲಿ. ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ಪಾತ್ರ ಜಿಗಿಯಿತು, ಸೋತಾಗ ಮತ್ತೆ ಆಡಬೇಕು ಅನ್ನಿಸಿತೋ ಸಾಕಪ್ಪಾ ಅನ್ನಿಸಿತೋ ಎಂಬುದನ್ನು ಬೇರೆಯವರ ಕಣ್ಣಿನಿಂದ ತಿಳಿಯಲಾಗದು. ಹಾಗಾಗಿ ಕೊಳ್ಳುವ ಮುನ್ನ ಆಡಿ ನೋಡುವ ಅವಕಾಶ ಅಂಗಡಿಯವರು ತೋರುವ ಔದಾರ್ಯವಲ್ಲ, ಕೊಳ್ಳುವವರಿಗೆ ಸಲ್ಲಬೇಕಾದದ್ದು ಎಂದೇ ನಾನು ನಂಬಿದ್ದೇನೆ. ಈ ಅವಕಾಶ ಎಲ್ಲೆಲ್ಲಿ, ಯಾವ ರೂಪದಲ್ಲಿ ಇತ್ತು, ಈಗ ಎಷ್ಟು ಉಳಿದಿದೆ, ಅದು ಏನನ್ನು ತೋರಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಒಮ್ಮೆ ಒಟ್ಟಾಗಿ ನೋಡಬೇಕಿದೆ.

ವಿಡಿಯೋ ಗೇಮ್ ಉದ್ಯಮ ಹುಟ್ಟಿದ್ದೇ ಜನ ಆಡಿ ನೋಡಿದ್ದರಿಂದ. 1972ರಲ್ಲಿ ಅಟಾರಿಯ ಆಲ್ ಆಲ್ಕಾರ್ನ್ ತಯಾರಿಸಿದ ‘ಪಾಂಗ್’ನ ಮೊದಲ ಯಂತ್ರವನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಆಂಡಿ ಕ್ಯಾಪ್ಸ್ ಎಂಬ ಮದ್ಯದಂಗಡಿಯ ಮೂಲೆಯಲ್ಲಿ ಇಟ್ಟರು. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ಹೋಗಿ ಬಿಚ್ಚಿ ನೋಡಿದರೆ ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕುತ್ತಿತ್ತು. ಅದೇ ಅಟಾರಿ ಹತ್ತು ವರ್ಷದ ನಂತರ, 1982ರಲ್ಲಿ, ‘ಇ.ಟಿ.’ ಸಿನಿಮಾದ ಗೇಮನ್ನು ಐದೇ ವಾರದಲ್ಲಿ ಮುಗಿಸಿ, ಸಾಮಾನ್ಯ ಆಟಗಾರರ ಕೈಗೆ ಕೊಟ್ಟು ನೋಡದೆ ಕ್ರಿಸ್‌ಮಸ್ ಮಾರುಕಟ್ಟೆಗೆ ಬಿಟ್ಟಿತು. ಆಡುವವರು ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುತ್ತಿದ್ದರು, ಏರಿ ಬಂದರೆ ಮತ್ತೆ ಬೀಳುತ್ತಿದ್ದರು. ಮಾರಾಟವಾಗದೆ ಉಳಿದ ಕಾರ್ಟ್ರಿಡ್ಜ್‌ಗಳನ್ನು ನ್ಯೂ ಮೆಕ್ಸಿಕೋದ ಅಲಮಗಾರ್ಡೊ ಎಂಬಲ್ಲಿ ಕಸದ ಗುಂಡಿಗೆ ಸುರಿದು ಮುಚ್ಚಿದರು. 2014ರಲ್ಲಿ ಅಗೆದಾಗ ಅವು ಸಿಕ್ಕಿದವು ಕೂಡ.

ತಯಾರಕರು ಪಾಠ ಕಲಿತರು. 2007ರ ‘ಹೇಲೋ 3’ಕ್ಕಾಗಿ ಮೈಕ್ರೋಸಾಫ್ಟಿನ ಪ್ರಯೋಗಾಲಯದಲ್ಲಿ ಸುಮಾರು 600 ಸಾಮಾನ್ಯ ಆಟಗಾರರನ್ನು ಕೂರಿಸಿ 3,000 ಗಂಟೆಗೂ ಮಿಕ್ಕಿ ಆಡಿಸಿದರು. ಒಂದು ಹಂತದಲ್ಲಿ ಆಟಗಾರರ ಗುಂಡುಗಳು ಬೇಗ ಖಾಲಿಯಾಗುತ್ತಿದ್ದವು. ಕಾರಣ ಹುಡುಕಿದರೆ ಅವರು ತೀರಾ ದೂರದಿಂದಲೇ ಗುಂಡು ಹಾರಿಸುತ್ತಿದ್ದರು. ವೈರಿ ಗುಂಡಿನ ಅಳತೆಗೆ ಸಿಕ್ಕಾಗ ಮಾತ್ರ ಗುರಿಯ ಗುರುತು ಕೆಂಪಾಗುವಂತೆ ಮಾಡಿದ ಮೇಲೆ ತೊಂದರೆ ತಪ್ಪಿತು. ನಿಯಮ ಓದುತ್ತ ಕೂತವರಿಗೆ ಇದು ಎಂದೂ ಹೊಳೆಯುತ್ತಿರಲಿಲ್ಲ. ಹೀಗೆ ಗೇಮುಗಳನ್ನು ಪರೀಕ್ಷಿಸುವುದನ್ನೇ ವೃತ್ತಿ ಮಾಡಿಕೊಂಡವರು ಬೆಂಗಳೂರಿನಲ್ಲೂ ಇದ್ದಾರೆ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಕೊಂಡ ರಾಕ್‌ಸ್ಟಾರ್ ಕಂಪನಿಯ ಭಾರತದ ಸ್ಟುಡಿಯೋ ಇರುವುದು ಇದೇ ಊರಿನಲ್ಲಿ. ಆದರೆ ತಯಾರಕರು ನಡೆಸುವ ಪರೀಕ್ಷೆ ಗೇಮಿನ ಒಳಿತಿಗೆ. ನಮ್ಮ ದುಡ್ಡಿನ ಒಳಿತಿಗೆ ಬೇಕಾದದ್ದು ಬೇರೆಯೇ ಪರೀಕ್ಷೆ.

ಅದರ ಒಳ್ಳೆಯ ಕಾಲ ತೊಂಬತ್ತರ ದಶಕ. 1993ರ ಡಿಸೆಂಬರ್ 10ರಂದು ಇಡ್ ಸಾಫ್ಟ್‌ವೇರ್ ‘ಡೂಮ್’ ಗೇಮಿನ ಮೊದಲ ಅಧ್ಯಾಯವನ್ನು, ಅಂದರೆ ಒಂಬತ್ತು ಹಂತಗಳನ್ನು, ಪುಕ್ಕಟೆ ಕೊಟ್ಟಿತು. ಯಾರು ಬೇಕಾದರೂ ಫ್ಲಾಪಿಗೆ ಹಾಕಿ ಗೆಳೆಯರಿಗೆ ಹಂಚಬಹುದಿತ್ತು. ಮುಂದಿನ ಅಧ್ಯಾಯ ಬೇಕಿದ್ದವರು ದುಡ್ಡು ಕಳಿಸಿ ತರಿಸಿಕೊಳ್ಳುತ್ತಿದ್ದರು. ಆಟದ ಮೂರನೆಯ ಒಂದು ಭಾಗವನ್ನೇ ಕೊಟ್ಟು, ಉಳಿದದ್ದನ್ನು ಕೊಳ್ಳುವಿರೋ ಬಿಡುವಿರೋ ನೋಡಿ ಎನ್ನುವ ಧೈರ್ಯ ಅದು. ನಮ್ಮಲ್ಲಿ ಇಂಟರ್‌ನೆಟ್ ಆಮೆಯಂತೆ ತೆವಳುತ್ತಿದ್ದ 2000ದ ದಶಕದಲ್ಲಿ ‘ಡಿಜಿಟ್’ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳು ಈ ಕೆಲಸ ಮಾಡಿದವು. ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಸಿಗುತ್ತಿದ್ದ ಪತ್ರಿಕೆಯೊಳಗೆ ನಾಲ್ಕಾರು ಗೇಮುಗಳ ಡೆಮೊಗಳು, ಅಂದರೆ ಆಡಿ ನೋಡಲೆಂದೇ ಕೊಡುವ ತುಣುಕುಗಳು, ಇರುತ್ತಿದ್ದವು. ಹಾಸನದ ಹುಡುಗನೂ ಲಂಡನ್ನಿನ ಹುಡುಗನೂ ಒಂದೇ ಡೆಮೊ ಆಡುತ್ತಿದ್ದ ದಿನಗಳವು. ಆ ಸಮಾನತೆ ಮತ್ತೆ ಬಂದಿಲ್ಲ.

ಡೆಮೊಗಳು ಕಡಿಮೆಯಾಗಲು ಲೆಕ್ಕಾಚಾರವೇ ಕಾರಣ. 2013ರಲ್ಲಿ ಅಮೆರಿಕದ ಗೇಮ್ ವಿನ್ಯಾಸಕ ಜೆಸ್ಸಿ ಶೆಲ್ ಒಂದು ಸಮಾವೇಶದಲ್ಲಿ ಎಕ್ಸ್‌ಬಾಕ್ಸ್ 360 ಗೇಮುಗಳ ಮಾರಾಟದ ನಕ್ಷೆ ತೋರಿಸಿದರು. ಟ್ರೇಲರ್ ಇದ್ದು ಡೆಮೊ ಇಲ್ಲದ ಗೇಮುಗಳು ಡೆಮೊ ಇದ್ದವುಗಳಿಗಿಂತ ಎಷ್ಟೋ ಹೆಚ್ಚು ಮಾರಾಟವಾಗಿದ್ದವು. ಅಂದರೆ ಆಡಿ ನೋಡಿದವರಲ್ಲಿ ಎಷ್ಟೋ ಜನ ಸಾಕು ಎಂದು ಬಿಟ್ಟುಬಿಡುತ್ತಾರೆ. ಮಾರುವವರಿಗೆ ಇದು ನಷ್ಟವಾಗಿ ಕಂಡಿತು. ನನಗೆ ಇದು ಡೆಮೊ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಕ್ಕೆ ಸಾಕ್ಷಿಯಾಗಿ ಕಾಣುತ್ತದೆ. ಬೇಡವಾದದ್ದನ್ನು ಕೊಳ್ಳದಂತೆ ಅಷ್ಟೂ ಜನರನ್ನು ಅದು ತಡೆದಿದೆ.

ಡೆಮೊ ಇಲ್ಲದ ಜಾಗವನ್ನು ವಿಮರ್ಶಕರು ತುಂಬುತ್ತಾರೆ ಎಂಬ ನಂಬಿಕೆ 2020ರ ಡಿಸೆಂಬರಿನಲ್ಲಿ ಕುಸಿಯಿತು. ‘ಸೈಬರ್‌ಪಂಕ್ 2077’ ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರಿನ ಆವೃತ್ತಿ ಮಾತ್ರ. ಅವರು ಹೊಗಳಿದರು. ಅದನ್ನು ಓದಿ ಪ್ಲೇಸ್ಟೇಷನ್ 4ಕ್ಕೆ ಕೊಂಡವರ ಪರದೆಯಲ್ಲಿ ಮುಖಗಳು ಕಲಸಿಹೋದವು, ಗೇಮ್ ನಡುನಡುವೆ ಮುಚ್ಚಿಹೋಯಿತು. ಬಿಡುಗಡೆಯಾದ ಒಂದೇ ವಾರಕ್ಕೆ ಸೋನಿ ಅದನ್ನು ತನ್ನ ಮಳಿಗೆಯಿಂದ ತೆಗೆದು, ಕೊಂಡವರಿಗೆ ಹಣ ವಾಪಸ್ ಕೊಡಲು ಒಪ್ಪಿತು. ಅರ್ಧ ಗಂಟೆಯ ಡೆಮೊ ಇದ್ದಿದ್ದರೆ ಈ ಗೇಮಿನ ಬಣ್ಣ ಮೊದಲ ದಿನವೇ ಬಯಲಾಗುತ್ತಿತ್ತು.

ಕಂಪ್ಯೂಟರ್ ಗೇಮುಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. 2015ರ ಜೂನಿನಿಂದ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಕೊಂಡ ಗೇಮನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹದಿನಾಲ್ಕು ದಿನದೊಳಗೆ ಕಾರಣ ಏನೇ ಇದ್ದರೂ ಹಣ ಹಿಂದಿರುಗಿಸುತ್ತಾರೆ. ಇದರ ಜೊತೆಗೆ ವರ್ಷಕ್ಕೆ ಮೂರು ಸಲ ನಡೆಯುವ ‘ನೆಕ್ಸ್ಟ್ ಫೆಸ್ಟ್’ ಹಬ್ಬದಲ್ಲಿ ಇನ್ನೂ ಬಿಡುಗಡೆಯಾಗದ ಗೇಮುಗಳ ಡೆಮೊಗಳು ರಾಶಿಗಟ್ಟಲೆ ಬರುತ್ತವೆ, ಅದೂ ಪುಕ್ಕಟೆ. ಹೊಸ ಗೇಮುಗಳ ರುಚಿ ನೋಡಬೇಕು ಎನ್ನುವವರು ಈ ಹಬ್ಬದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಡೆಮೊದಿಂದ ಕೊಳ್ಳುವವರಿಗಷ್ಟೇ ಲಾಭ ಎನ್ನುವಂತಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ತಂಡ ‘ರಾಜಿ’ ಗೇಮಿಗಾಗಿ 2017ರಲ್ಲಿ ಕಿಕ್‌ಸ್ಟಾರ್ಟರ್ ತಾಣದಲ್ಲಿ ಜನರಿಂದ ಹಣ ಎತ್ತಲು ಹೋಗಿ ಗುರಿ ಮುಟ್ಟಲಿಲ್ಲ. ಆದರೆ ಆಗ ಬಿಟ್ಟ ಡೆಮೊ ಆಡಿದವರು ಆ ಹೆಸರನ್ನು ಮರೆಯಲಿಲ್ಲ. 2020ರಲ್ಲಿ ಗೇಮ್ ಹೊರಬಂದಾಗ ಅದಕ್ಕೆ ಕಾಯುವ ಜನ ಇದ್ದರು.

ಎರಡು ಗಂಟೆಯ ಗೆರೆ ಎಲ್ಲ ಗೇಮುಗಳಿಗೂ ನ್ಯಾಯವಲ್ಲ ಎಂಬುದೂ ನಿಜ. ಒಂದೂವರೆ ಗಂಟೆಯಲ್ಲಿ ಮುಗಿಯುವ ಸಣ್ಣ ಗೇಮನ್ನು ಪೂರ್ತಿ ಆಡಿ, ಮೆಚ್ಚಿ ನಾಲ್ಕು ಒಳ್ಳೆಯ ಮಾತು ಬರೆದು, ಆಮೇಲೆ ಹಣ ವಾಪಸ್ ಪಡೆಯುವವರಿದ್ದಾರೆ. 2021ರಲ್ಲಿ ‘ಸಮ್ಮರ್ ಆಫ್ ’58’ ಎಂಬ ಪುಟ್ಟ ಭಯದ ಗೇಮ್ ಮಾಡಿದವರು ಇದರಿಂದ ನೊಂದು ಗೇಮ್ ಮಾಡುವುದನ್ನೇ ನಿಲ್ಲಿಸುವುದಾಗಿ ಹೇಳಿದ್ದರು. ಅದು ಅನ್ಯಾಯ. ಕೊನೆಯತನಕ ಆಡಿ ಸಂತೋಷಪಟ್ಟ ಮೇಲೆ ಹಣ ಕೇಳುವುದು ಹೊಟ್ಟೆತುಂಬ ಉಂಡು ಬಿಲ್ಲು ಕೊಡದೆ ಏಳುವುದಷ್ಟೇ. ಇನ್ನೊಂದು ಕಡೆ, ನೂರು ಗಂಟೆಯ ಗೇಮುಗಳಲ್ಲಿ ಮೊದಲ ಎರಡು ಗಂಟೆ ಕತೆಯ ಪೀಠಿಕೆಯಲ್ಲೇ ಕಳೆದುಹೋಗುತ್ತದೆ, ನಿಜವಾದ ಆಟದ ಮುಖ ಕಾಣುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ತಿಂಗಳ ಚಂದಾದ ಗೇಮ್ ಪಾಸ್, ಪ್ಲೇಸ್ಟೇಷನ್ ಪ್ಲಸ್‌ಗಳಿಂದ ಆಡಿ ನೋಡುವುದು ಅಗ್ಗವಾಗಿದೆ. ಆದರೆ ಚಂದಾ ನಿಂತ ದಿನ ಗೇಮೂ ಹೋಗುತ್ತದೆ. ಮೊಬೈಲಿನ ಉಚಿತ ಗೇಮುಗಳ ವಿಷಯ ಬೇರೆ, ಅಲ್ಲಿ ನಾನು ಎಚ್ಚರದ ಮಾತು ಹೇಳಲೇಬೇಕು. ಬ್ಯಾಟಲ್ ರಾಯಲ್ ಗೇಮುಗಳಿಗೆ ಹೊಸದಾಗಿ ಬಂದವರ ಎದುರು ಮೊದಲ ಪಂದ್ಯಗಳಲ್ಲಿ ಬಾಟ್‌ಗಳನ್ನು, ಅಂದರೆ ಕಂಪ್ಯೂಟರೇ ಆಡಿಸುವ ಎದುರಾಳಿಗಳನ್ನು, ಬಿಡುವುದು ಸಾಮಾನ್ಯ ಪದ್ಧತಿ. ಮೊದಲ ದಿನವೇ ಗೆದ್ದ ಹುಡುಗ ತಾನು ಶೂರ ಎಂದುಕೊಳ್ಳುತ್ತಾನೆ. ನಿಜವಾದ ಎದುರಾಳಿಗಳು ಸಿಕ್ಕಾಗ ಸೋಲು ಶುರುವಾಗುತ್ತದೆ, ಅದೇ ಹೊತ್ತಿಗೆ ಅಂಗಡಿಯ ಬಾಗಿಲೂ ತೆರೆಯುತ್ತದೆ. ಡೆಮೊಗೆ ಒಂದು ಕೊನೆ ಇರುತ್ತಿತ್ತು, ಕೊಳ್ಳುವುದೋ ಬಿಡುವುದೋ ಎಂದು ಅಲ್ಲಿ ನಿಂತು ಯೋಚಿಸಬಹುದಿತ್ತು. ಉಚಿತ ಗೇಮಿನಲ್ಲಿ ಹಾಗೆ ನಿಂತು ಯೋಚಿಸುವ ಜಾಗವನ್ನೇ ತೆಗೆದುಹಾಕಿದ್ದಾರೆ. ಮಕ್ಕಳ ಕೈಗೆ ಇಂಥ ಗೇಮ್ ಕೊಡುವ ಮೊದಲು ಅಪ್ಪ ಅಮ್ಮ ತಾವೇ ಒಂದು ವಾರ ಆಡಿ ನೋಡಲಿ, ಒಂದು ಸಂಜೆ ಸಾಲದು.

ಮೇಜಿನ ಮೇಲೆ ಆಡುವ ಆಟಗಳಿಗೆ ಬಂದರೆ ಮನಸ್ಸು ಹಗುರಾಗುತ್ತದೆ. ಇಲ್ಲಿ ಆಡಿ ನೋಡುವುದು ಇಂದಿಗೂ ಮನುಷ್ಯರ ನಡುವಿನ ವ್ಯವಹಾರ. ಜರ್ಮನಿಯ ಎಸ್ಸೆನ್ ನಗರದಲ್ಲಿ 1983ರಲ್ಲಿ ಒಂದು ಆಟಗಳ ಪತ್ರಿಕೆಯ ಓದುಗರ ಕೂಟವಾಗಿ ಶುರುವಾದ ‘ಸ್ಪೀಲ್’ ಮೇಳಕ್ಕೆ 2024ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದರು. ಪ್ರತಿ ಮಳಿಗೆಯ ಮುಂದೆ ಮೇಜು, ಮೇಜಿನ ಮೇಲೆ ಬಿಡಿಸಿಟ್ಟ ಆಟ, ಪಕ್ಕದಲ್ಲಿ ನಿಂತು ನಿಯಮ ಹೇಳಿಕೊಡುವವರು. ಇದಕ್ಕೆ ಹೋಲಿಸಿದರೆ, ಲಾಸ್ ಏಂಜಲೀಸಿನಲ್ಲಿ 1995ರಲ್ಲಿ ಶುರುವಾದ ವಿಡಿಯೋ ಗೇಮುಗಳ ಇ3 ಮೇಳ ಹೆಚ್ಚು ಕಾಲ ವ್ಯಾಪಾರಿಗಳಿಗೂ ಪತ್ರಕರ್ತರಿಗೂ ಮೀಸಲಾಗಿತ್ತು. 2023ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಿದರು. ಜನ ಕೂತು ಆಡುವ ಎಸ್ಸೆನ್ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಮೇಜಿನ ಆಟಗಳು ರೂಪುಗೊಳ್ಳುವುದೂ ಆಡಿ ನೋಡಿಯೇ. ‘ಕಟಾನ್’ ಆಟ ಕಟ್ಟಿದ ಕ್ಲಾಸ್ ಟಾಯ್ಬರ್ ಹಲ್ಲಿನ ಸೆಟ್ ತಯಾರಿಸುವ ತಂತ್ರಜ್ಞರಾಗಿದ್ದರು. ಕರಡು ಹಾಸುಗಳನ್ನು ಹೆಂಡತಿ ಮಕ್ಕಳ ಮುಂದಿಟ್ಟು ಆಡಿಸಿ, ಅವರಿಗೆ ಎಲ್ಲಿ ಬೇಸರವಾಯಿತೋ ಅಲ್ಲಿ ತಿದ್ದುತ್ತ ಹೋದರು. 1995ರಲ್ಲಿ ಹೊರಬಂದ ಆ ಆಟ ಮೂರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ಟೊರಾಂಟೋದ ‘ಸ್ನೇಕ್ಸ್ ಅಂಡ್ ಲಾಟೇಸ್’ 2010ರಲ್ಲಿ ತೆರೆದು ಬೋರ್ಡ್ ಗೇಮ್ ಕೆಫೆಯ ಮಾದರಿಗೆ ಹೆಸರು ತಂದಿತು. ತಲೆಗಿಷ್ಟು ಎಂದು ಕೊಟ್ಟು ಒಳಗೆ ಕೂತರೆ ಕಪಾಟಿನ ಯಾವ ಆಟವನ್ನಾದರೂ ತೆಗೆದು ಆಡಬಹುದು. ಬೆಂಗಳೂರಿನ ಕೋರಮಂಗಲ, ಇಂದಿರಾನಗರದ ಕಡೆಯೂ ಈ ರೂಢಿ ಬಂದಿದೆ, ವಾರಾಂತ್ಯದಲ್ಲಿ ಅಪರಿಚಿತರೂ ಸೇರಿ ಆಡುವ ಕೂಟಗಳಿವೆ. ಇಂಥ ಮೇಜಿನ ಮೇಲೆ ‘ಅಜುಲ್’ ಎಂಬ ಆಟ ಬಿಡಿಸಿದಾಗ ಏನಾಗುತ್ತದೆ ಗಮನಿಸಿ. ಬಟ್ಟೆಯ ಚೀಲದೊಳಗೆ ಕೈ ಹಾಕಿದರೆ ಪೆಪ್ಪರಮೆಂಟಿನಷ್ಟು ದಪ್ಪದ ಬಿಲ್ಲೆಗಳು ಕಟಕಟ ಸದ್ದು ಮಾಡುತ್ತವೆ. ನಿಯಮ ಹೇಳಲು ಐದೇ ನಿಮಿಷ ಸಾಕು. ಆಟದ ಹಲಗೆಯ ಮೇಲೆ ಓದಬೇಕಾದ ಅಕ್ಷರಗಳಿಲ್ಲ, ಇಂಗ್ಲಿಷ್ ಬಾರದ ಅಜ್ಜಿಯೂ ಮೊಮ್ಮಗಳ ಎದುರು ಸರಿಸಮನಾಗಿ ಕೂರಬಹುದು. ಮೂರನೆಯ ಸುತ್ತಿನ ಹೊತ್ತಿಗೆ ಯಾರೋ ಬೇಕೆಂದೇ ಬೇಡದ ಬಿಲ್ಲೆಗಳನ್ನು ಪಕ್ಕದವರ ತಲೆಗೆ ಕಟ್ಟುತ್ತಾರೆ. ಇದು ಮೃದು ಆಟವಲ್ಲ, ಒಳಗೆ ಹಲ್ಲಿದೆ ಎಂದು ಮೇಜಿಗೆಲ್ಲ ಗೊತ್ತಾಗುವುದು ಆಗಲೇ. ಡಬ್ಬಿಯ ಮೇಲಿನ ಚಂದದ ಹೆಂಚಿನ ಚಿತ್ರ ನೋಡಿ ಇದನ್ನು ಊಹಿಸಲು ಬರುವುದಿಲ್ಲ.

ಬೋರ್ಡ್ ಗೇಮ್ ಆಡಿ ನೋಡುವಾಗ ಕಲಿಸುವವರ ಪಾತ್ರ ತುಂಬ ದೊಡ್ಡದು. ಒಳ್ಳೆಯ ಆಟವನ್ನೂ ಕೆಟ್ಟದಾಗಿ ಹೇಳಿಕೊಟ್ಟರೆ ಸಂಜೆ ಹಾಳಾಗುತ್ತದೆ. ನಿಯಮಪುಸ್ತಕವನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದುವವರ ಕೈಯಲ್ಲಿ ಯಾವ ಆಟವೂ ಉದ್ಧಾರವಾಗದು. ಗೆಲ್ಲುವುದು ಹೇಗೆ ಎಂಬುದನ್ನು ಮೊದಲು ಹೇಳಿ, ಒಂದು ಸುತ್ತು ತೆರೆದ ಕೈಯಲ್ಲಿ ಆಡಿಸಿ, ಉಳಿದದ್ದನ್ನು ಸಂದರ್ಭ ಬಂದಾಗ ಹೇಳುವವರು ನಿಜವಾದ ಮೇಷ್ಟ್ರು. ದೊಡ್ಡ ಆಟಗಳಿಗಂತೂ ಇದು ಅನಿವಾರ್ಯ. 2017ರ ‘ಗ್ಲೂಮ್‌ಹೇವನ್’ ಡಬ್ಬಿ ಸುಮಾರು 10 ಕೆ.ಜಿ. ತೂಗುತ್ತದೆ, 95 ಸನ್ನಿವೇಶಗಳಿವೆ. ಒಂದು ಸಂಜೆಯಲ್ಲಿ ಅದರ ಅಂಚನ್ನೂ ಮುಟ್ಟಲಾಗದು. ಇದನ್ನು ಅರಿತ ಪ್ರಕಾಶಕರು 2020ರಲ್ಲಿ ‘ಜಾಸ್ ಆಫ್ ದ ಲಯನ್’ ಎಂಬ ಚಿಕ್ಕ ಆವೃತ್ತಿ ತಂದರು. ಅದರ ಮೊದಲ ಐದು ಸನ್ನಿವೇಶಗಳು ನಿಯಮಗಳನ್ನು ಒಂದೊಂದಾಗಿ ಕಲಿಸುತ್ತ ಹೋಗುತ್ತವೆ. ದೊಡ್ಡದನ್ನು ಕೊಳ್ಳುವ ಆಸೆ ಇದ್ದವರು ಮೊದಲು ಇದನ್ನು ಆಡಲಿ. ಮೇಜು ಸಿಗದ ಊರಿನವರಿಗೆ ‘ಬೋರ್ಡ್ ಗೇಮ್ ಅರೇನಾ’ ತಾಣದಲ್ಲಿ ನೂರಾರು ಆಟಗಳನ್ನು ಬ್ರೌಸರಿನಲ್ಲೇ ಆಡುವ ಅನುಕೂಲವಿದೆ. ನಿಯಮ ತಿಳಿಯಲು ಅದು ಸಾಕು, ಎದುರು ಕೂತವರ ಮುಖ ಮಾತ್ರ ಅಲ್ಲಿ ಕಾಣದು.

ಹೊಸ ಆಟಗಳ ಮಾತಿನ ನಡುವೆ ಹಳೆಯವನ್ನು ಬಿಡಲಾಗದು. ಇಂದಿನ ಮಕ್ಕಳಿಗೆ ಚೌಕಾಬಾರವೂ ಅಳಗುಳಿ ಮಣೆಯೂ ಹೊಸ ಆಟಗಳೇ. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದಿದ್ದಾರೆ, ನಾಲ್ಕು ಕಲ್ಲು ಆರಿಸಿಕೊಂಡು ಯಾರು ಬೇಕಾದರೂ ಕೂತು ಆಡಬಹುದಿತ್ತು. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಹಾಸುಗಳ, ಎಲೆಗಳ ಆಟಗಳಿಗೆ ಜಾಗ ಕೊಟ್ಟರು. ಅದೇ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ 2007ರಿಂದ ನಡೆಸಿಕೊಂಡು ಬಂದಿರುವ ‘ಕ್ರೀಡಾ ಕೌಶಲ್ಯ’ ಪ್ರದರ್ಶನದಲ್ಲಿ ನಾಡಿನ ಬೇರೆಬೇರೆ ಕುಶಲಕರ್ಮಿಗಳ ಪಗಡೆ ಹಾಸು, ಕಾಯಿ, ಮಣೆಗಳನ್ನು ಹತ್ತಿರದಿಂದ ನೋಡಬಹುದು. ಹೊಳೆಯುವ ಪ್ಲಾಸ್ಟಿಕ್ ಡಬ್ಬಿಗೆ ಎರಡು ಸಾವಿರ ಕೊಡುವ ಮೊದಲು ಮನೆಯ ಹಿರಿಯರಿಂದ ಹುಲಿ-ಕುರಿ ಕಲಿತು ನೋಡಿ. ಒಂದು ಕಡೆಯವರ ಕೈಯಲ್ಲಿ ಬಲ, ಇನ್ನೊಂದು ಕಡೆಯವರ ಕೈಯಲ್ಲಿ ಸಂಖ್ಯೆ ಎಂಬ ಅದರ ವಿನ್ಯಾಸ ಇಂದಿನ ಎಷ್ಟೋ ದುಬಾರಿ ಆಟಗಳಿಗಿಂತ ಹರಿತವಾಗಿದೆ.

ಇನ್ನು ಸಲಕರಣೆಗಳು. ನಮ್ಮಲ್ಲಿ ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲೇ. ಮೆಕ್ಯಾನಿಕಲ್ ಕೀಬೋರ್ಡಿನ ಒಂದೊಂದು ಕೀಲಿಯ ಕೆಳಗೂ ಒಂದು ಸ್ವಿಚ್ ಇರುತ್ತದೆ. ಜರ್ಮನಿಯ ಚೆರಿ ಕಂಪನಿ ರೂಢಿಗೆ ತಂದ ಬಣ್ಣದ ಲೆಕ್ಕದಲ್ಲಿ ಕೆಂಪು ಸ್ವಿಚ್ ತಡೆಯಿಲ್ಲದೆ ಜಾರುತ್ತದೆ, ಕಂದು ನಡುವೆ ಸಣ್ಣ ಉಬ್ಬು ತಾಗಿಸುತ್ತದೆ, ನೀಲಿ ಟಕ್ ಎಂದು ಸದ್ದು ಮಾಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೌಂಟರಿನ ಮೇಲೆ ಬಿಚ್ಚಿಟ್ಟ ಕೀಬೋರ್ಡು ಕಂಡರೆ ಎರಡೂ ಕೈ ಇಟ್ಟು ಒಂದು ಇಡೀ ವಾಕ್ಯ ಟೈಪ್ ಮಾಡಿ, ಒಂದು ಕೀಲಿ ಒತ್ತಿ ಬಿಟ್ಟರೆ ಏನೂ ತಿಳಿಯುವುದಿಲ್ಲ. ನೀಲಿಯ ಸದ್ದು ಅಂಗಡಿಯ ಗದ್ದಲದಲ್ಲಿ ಇಂಪಾಗಿರುತ್ತದೆ, ರಾತ್ರಿ ಹನ್ನೊಂದಕ್ಕೆ ಮಲಗಿರುವವರ ಪಕ್ಕದ ಕೋಣೆಯಲ್ಲಿ ಅದೇ ಜಗಳಕ್ಕೆ ಮೂಲ. ಮೌಸನ್ನು ಅಂಗೈ ಪೂರ್ತಿ ಊರಿ ಹಿಡಿಯುವವರಿದ್ದಾರೆ, ಬೆರಳ ತುದಿಯಲ್ಲಿ ಆಡಿಸುವವರಿದ್ದಾರೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರ ಮಣಿಕಟ್ಟಿಗೆ ನೋವು. ಎಡಗೈಯವರ ಪಾಡಂತೂ ಹೇಳತೀರದು. ಮಾರುಕಟ್ಟೆಯ ಬಹುಪಾಲು ಮೌಸುಗಳು ಬಲಗೈಗೆ ಬಾಗಿದವು.

ಕೈಗೆ ಹಿಡಿದು ನೋಡಿದ ಮಾತ್ರಕ್ಕೆ ತಿಳಿಯದ ದೋಷಗಳೂ ಇವೆ. ಕಂಟ್ರೋಲರಿನ ಕಡ್ಡಿ ಮುಟ್ಟದೆಯೂ ತಾನಾಗಿ ಒಂದು ಕಡೆಗೆ ಎಳೆಯುವ ‘ಡ್ರಿಫ್ಟ್’ ಒಳಗಿನ ಭಾಗಗಳು ತಿಕ್ಕಿ ಸವೆದ ಮೇಲೆ ಬರುವಂಥದು, ಹೊಸದರಲ್ಲಿ ಕಾಣಿಸದು. ಅಯಸ್ಕಾಂತದಿಂದ ನಡೆಯುವ ಹಾಲ್ ಎಫೆಕ್ಟ್ ಕಡ್ಡಿಗಳಲ್ಲಿ ಆ ತಿಕ್ಕಾಟವಿಲ್ಲ. ಹೆಡ್‌ಸೆಟ್ ಐದು ನಿಮಿಷ ಹಿತವಾಗಿರುತ್ತದೆ, ಕಲಬುರಗಿಯ ಏಪ್ರಿಲಿನಲ್ಲಿ ಅರ್ಧ ಗಂಟೆಗೆ ಕಿವಿ ಬೆವರುತ್ತದೆ. ವಿ.ಆರ್. ಕನ್ನಡಕವನ್ನು ಆಡಿ ನೋಡದೆ ಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಎರಡು ಕಣ್ಣುಗಳ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು. ಆ ಅಂತರ ಲೆನ್ಸಿಗೆ ಹೊಂದದಿದ್ದರೆ ನೋಟ ಮಸುಕು. ಹೊಂದಿದರೂ ಕೆಲವರಿಗೆ ತಲೆ ಸುತ್ತುತ್ತದೆ.

ಆಡಿ ನೋಡುವುದು ಅತ್ಯಂತ ಅಗತ್ಯವಾಗಿರುವುದು ಅಂಗವೈಕಲ್ಯ ಇರುವವರಿಗೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ 2018ರಲ್ಲಿ ಬಂತು. ಎರಡು ಅಗಲವಾದ ಗುಂಡಿಗಳು, ಹಿಂದೆ ಬೇರೆಬೇರೆ ಸ್ವಿಚ್ ಸಿಕ್ಕಿಸಲು 19 ತೂತುಗಳು. ಸೋನಿಯ ‘ಆ್ಯಕ್ಸೆಸ್’ 2023ರ ಡಿಸೆಂಬರಿನಲ್ಲಿ ಬಂತು. ಯಾವ ಸ್ವಿಚ್ಚನ್ನು ಮೊಣಕೈಗೆ, ಯಾವುದನ್ನು ಕಾಲಿಗೆ, ಯಾವುದನ್ನು ಗಲ್ಲಕ್ಕೆ ಜೋಡಿಸಬೇಕು ಎಂಬುದು ಒಬ್ಬೊಬ್ಬರ ದೇಹಕ್ಕೂ ಬೇರೆ, ಕೂತು ಪ್ರಯತ್ನಿಸಿಯೇ ತಿಳಿಯಬೇಕು. ಹಾಗೆ ಕೂತು ನೋಡಲು ನಮ್ಮ ಊರುಗಳಲ್ಲಿ ಜಾಗ ಸಿಗುವುದೇ ಕಷ್ಟ. ಈ ಸಮೀಕ್ಷೆಯಲ್ಲಿ ನನಗೆ ಅತಿ ನೋವು ಕೊಟ್ಟ ಕೊರತೆ ಇದು.

ಒಟ್ಟು ನೋಡಿದರೆ ಕಂಪ್ಯೂಟರ್ ಗೇಮಿನವರು ಪಾರು, ಕನ್ಸೋಲಿನವರದು ಅರೆಬರೆ. ನಿಂಟೆಂಡೊ ಕಂಪನಿಯ ‘ಸ್ವಿಚ್’ ಕನ್ಸೋಲ್ 2017ರಲ್ಲಿ ಬಂದರೂ ಅಧಿಕೃತವಾಗಿ ಭಾರತದಲ್ಲಿ ಮಾರಾಟವಾಗಲಿಲ್ಲ, ಅದರ ಆನ್‌ಲೈನ್ ಮಳಿಗೆಯೂ ಇಲ್ಲಿಗಿಲ್ಲ. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ಹೊರಗಿನಿಂದ ಬಂದದ್ದನ್ನು ಕೊಂಡವರು ಡೆಮೊಗಾಗಿ ಬೇರೆ ದೇಶದ ಖಾತೆ ತೆರೆಯಬೇಕು. ಬೋರ್ಡ್ ಗೇಮ್ ಕೆಫೆಗಳು ರಾಜಧಾನಿಯ ನಾಲ್ಕು ಬಡಾವಣೆ ದಾಟಿ ಹೆಚ್ಚು ದೂರ ಹೋಗಿಲ್ಲ. ಅಲ್ಲಿ ಒಂದು ಸಂಜೆಗೆ ಆಗುವ ಖರ್ಚು ಎಲ್ಲ ಮನೆಗಳಿಗೂ ಎಟುಕುವಂಥದಲ್ಲ.

ಇದಕ್ಕೆ ದಾರಿ ನಮ್ಮ ಹತ್ತಿರವೇ ಇದೆ. ಅಮೆರಿಕದ ಗ್ರಂಥಾಲಯ ಸಂಘ 2008ರಲ್ಲೇ ಗ್ರಂಥಾಲಯಗಳಲ್ಲಿ ಜನ ಬಂದು ಆಟ ಆಡುವ ದಿನವೊಂದನ್ನು ಆರಂಭಿಸಿತು. ಅಲ್ಲಿನ ಎಷ್ಟೋ ಗ್ರಂಥಾಲಯಗಳು ಪುಸ್ತಕದಂತೆ ಗೇಮುಗಳನ್ನೂ ಎರವಲು ಕೊಡುತ್ತವೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರ ಎಂಬ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ, ‘ಓದುವ ಬೆಳಕು’ ಕಾರ್ಯಕ್ರಮದ ನಂತರ ಮಕ್ಕಳು ಅಲ್ಲಿಗೆ ಬರುವುದೂ ಹೆಚ್ಚಿದೆ. ಒಂದೊಂದರ ಕಪಾಟಿನಲ್ಲಿ ನಾಲ್ಕು ಬೋರ್ಡ್ ಗೇಮುಗಳು, ಒಂದು ಅಳಗುಳಿ ಮಣೆ, ಕನ್ನಡದಲ್ಲಿ ಬರೆದ ನಿಯಮದ ಹಾಳೆ ಇಟ್ಟರೆ ದೊಡ್ಡ ಖರ್ಚೇನೂ ಆಗುವುದಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಒಂದು ಕನ್ಸೋಲ್, ಒಂದು ಅಡಾಪ್ಟಿವ್ ಕಂಟ್ರೋಲರ್ ಇಟ್ಟು ವಾರಕ್ಕೊಂದು ಮಧ್ಯಾಹ್ನ ತೆರೆದಿಡಲಿ. ಸರ್ಕಾರ ಮಾಡಲಿ ಎಂದು ಕಾಯುವುದೂ ಬೇಡ. ನಿಮ್ಮ ಮನೆಯ ಕಪಾಟಿನಲ್ಲಿ ಒಮ್ಮೆ ಆಡಿ ಮೇಲಿಟ್ಟ ಆಟ ಇದ್ದೇ ಇರುತ್ತದೆ. ಬಿಲ್ಲೆಗಳನ್ನು ಎಣಿಸಿ, ನಿಯಮವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಹತ್ತಿರದ ಗ್ರಂಥಾಲಯಕ್ಕೆ ಕೊಟ್ಟು ಬನ್ನಿ. ಮೊದಲ ದಿನ ಅರ್ಧ ಗಂಟೆ ಅಲ್ಲೇ ಕೂತು ಮಕ್ಕಳಿಗೆ ಕಲಿಸಿಕೊಡಿ.